ಊರ ವರ್ತಮಾನವನ್ನು ಹೊತ್ತ ಕಲ್ಲುಗಳು

ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆಯೆಂದು ಪ್ರಸಿದ್ಧವಾದ ‘ಮಂಗಳೂರ ಸಮಾಚಾರ’ವು ೧೮೪೩ನೆಯ ಇಸವಿಯ ಜುಲೈ ತಿಂಗಳಲ್ಲಿ ಹೆರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಯ ಸಂಪಾದಕತ್ವದಲ್ಲಿ ಹೊರಟಿತು. ಅದು ಮೊಳೆಯಚ್ಚಿನಲ್ಲಲ್ಲದೆ ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಊರ ವರ್ತಮಾನಕ್ಕೆಂದೇ ಅದರಲ್ಲೊಂದು ಭಾಗವು ಮೀಸಲಾಗಿದ್ದಿತು. ಕನ್ನಡದ ವರ್ತಮಾನವು ಮೊದಲು ಕಲ್ಲಿನಿಂದಲೇ ಹೊರಟಿತೆಂಬುದು ಕಾಕತಾಳೀಯವಾದರೂ ಸ್ವಾರಸ್ಯವಾದ ಸಂಗತಿಯೇ ಸರಿ. ಏಕೆಂದರೆ ಅದಕ್ಕೆ ಸಾವಿರದ ಮುನ್ನೂರು ವರ್ಷಗಳಿಗೂ ಹಿಂದಿನಿಂದ ಈ ನಾಡಿನ ಹಳ್ಳಿಗಳು ತಮ್ಮ ಸುದ್ದಿಯನ್ನು ಕಲ್ಲಿನಲ್ಲಿಯೇ ಬರೆಯಿಸಿಕೊಂಡು ಬಂದಿದ್ದುವು. ಊರ ಮುಂದಣ ಅಗಸೆಯಲ್ಲಿಯೋ, ಕೆರೆಯ ಏರಿಯ ಮೇಲೋ, ಗುಡಿಯ ಅಂಗಳದಲ್ಲಿಯೋ ನಿಂತಿರುವ ವೀರಗಲ್ಲು, ಮಾಸ್ತಿಗಲ್ಲು, ದಾನಶಾಸನಗಳನ್ನು ಅರಸುಮನೆತನಗಳ ಚರಿತ್ರೆಗೆ ಸಾಧನವೆಂದು ಎಣಿಸುವುದೇ ವಾಡಿಕೆಯಾಗಿದೆ. ಅವುಗಳನ್ನು ನೆಡಿಸಿದವರಿಗಾದರೋ ಅರಸುಗಳ ವಂಶಾವಳಿಯು ಮುಖ್ಯವಾಗಿರಲಿಲ್ಲ. ಯಾವ ದಿನ ಯಾವ ಊರಿನಲ್ಲಿ ಏನು ನಡೆಯಿತೆಂಬುದೇ ಮುಖ್ಯವಾಗಿದ್ದಿತು. ಅರಸನ ಹೆಸರು ಬಂದುದು ಬಹುಮಟ್ಟಿಗೆ ಕಾಲನಿರ್ದೇಶಕ್ಕಾಗಿ.

ಈ ವರ್ತಮಾನವನ್ನು ಓದುತ್ತಿದ್ದವರು ಯಾರೆಂಬ ಪ್ರಶ್ನೆಯು ಸಹಜವಾಗಿ ಏಳುವುದು. ಅಕ್ಷರ ಬಲ್ಲವರು ಊರಿಗೆ ಕೆಲವರೇ ಇದ್ದಿರಬೇಕು. ಆದುದರಿಂದಲೇ ವೀರಗಲ್ಲಿನಲ್ಲಿ ಬರಹಕ್ಕಿಂತ ಚಿತ್ರಕ್ಕೆ ಹೆಚ್ಚಿನ ಎಡೆಯು ದೊರೆತಿದೆ. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಣ ಪಟ್ಟಿಕೆಯಲ್ಲಿ ನಡೆದ ಕಾಳಗ; ನಡುವಣದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಇಕ್ಕೆಲದಲ್ಲಿ ಹಿಡಿದು ಮೇಲಕ್ಕೊಯ್ಯುವುದು; ಮೇಲಣದರಲ್ಲಿ ಅವನು ಲಿಂಗದ ಸನ್ನಿಧಿಯಲ್ಲಿ ಕುಳಿತಿರುವುದು; ಎಲ್ಲಕ್ಕೂ ಮೇಲೆ, ಇದು ಆಚಂದ್ರಾರ್ಕವಾಗಿ ನಿಲ್ಲಲೆಂದು ಸೂರ್ಯಚಂದ್ರರು. ಅಕ್ಷರ ಬಾರದವನೂ ಈ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಳ್ಳಬಹುದು. ಕೆಳಗಣ ಪಟ್ಟಿಕೆಯಲ್ಲಿ ದನಗಳು ಸಾಲಾಗಿ ನಿಂತಿದ್ದರೆ ಅವನು ತುರುಗೋಳಿನಲ್ಲಿ ಸತ್ತವನು. ಹುಲಿಯು ಹಿಂಗಾಲ ಮೇಲೆ ಎದ್ದು ನಿಂತು, ಮನುಷ್ಯನೊಬ್ಬನು ಅದನ್ನು ಕಠಾರಿಯಿಂದ ಇರಿಯುತ್ತಿದ್ದರೆ ಊರಿಗೆ ಹುಲಿಯ ಕಾಟವಿದ್ದುದು ಗೊತ್ತಾಗುವುದು. ಹಂದಿಯನ್ನು ನಾಯಿಗಳು ಮುತ್ತಿದ್ದರೆ ಬೇಟೆಯ ಮರಣ. ಬರಹವಿರುವೆಡೆ ಪಟ್ಟಿಕೆಗಳ ನಡುವಣ ಕಿರಿದಾದ ತಡೆಗಳಲ್ಲಿ ಎರಡು ಮೂರು ಪಂಕ್ತಿಗಳಲ್ಲಿ ಅದು ಮುಗಿಯುತ್ತದೆ. ಇಂಥವನು, ಇಂಥವನ ಮಗನು, ಇಂಥ ಊರಿನ ದನವನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ತುರುವನ್ನು ಮರಳಿಸಿ ಸತ್ತನು. ಅವನಿಗೆ ಇಷ್ಟು ಮಣ್ಣನ್ನು ಬಿಟ್ಟರು. ಇದನ್ನು ಅಳಿದವನು ಕವಿಲೆಯನ್ನು ಕೊಂದವನು. ಇಷ್ಟೇ. ಈ ಮಿತಭಾಷಿತ್ವವು ಈಗಿನ ವರದಿಗಾರರಿಗೆ ಅಪರಿಚಿತವಾದ ಗುಣ.

ಹಳ್ಳಿಯ ಆಪತ್ತುಗಳಿಗೆ ಶಾಸನಗಳಲ್ಲಿ ನಿಯತವಾದ ಹೆಸರುಗಳುಂಟು. ದನಗಳ ಅಪಹಾರಕ್ಕೆ ತುರುಗೋಳ್; ಊರನ್ನು ಸುಲಿದು ಹಾಳುಮಾಡುವುದಕ್ಕೆ ಊರಳಿವು; ಹೆಂಗಸರ ಮೇಲೆ ಬಲಾತ್ಕಾರವಾದಾಗ ಎದ್ದ ಮೊರೆಗೆ ಪೆಣ್ಬುಯ್ಯಲ್. ಆಪತ್ತಿಗೆ ಎದುರಾಗಿ ಸತ್ತವನ ಮನೆಯವರಿಗೆ ಸಲ್ಲುವ ಭೂಮಿಗೂ ಹೆಸರುಗಳುಂಟು: ಕಲ್ನಾಡು, ನೆತ್ತರುಕೊಡಗಿ. ಬಾಳ್ಗಳ್ಚು ಎಂಬುದೊಂದುಂಟು, ಬಾಳನ್ನು ತೊಳೆದು ಕೊಟ್ಟ ಭೂಮಿಯೆಂದು ಅದರ ಅರ್ಥ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ೧೯೩೬ರಲ್ಲಿ ಎಂ. ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂದ, ಕ್ರಿ. ಶ. ೪೫೦ರ ಸುಮಾರಿನದೆಂದು ಬಹುಮಂದಿ ವಿದ್ವಾಂಸರು ಒಪ್ಪಿರುವ ಶಾಸನದಲ್ಲಿಯೇ ಈ ಮಾತು ಬಂದಿದೆ. ವಿಜ ಅರಸನೆಂಬವನಿಗೆ ಪಲ್ಮಿಡಿ, ಮೂಳವಳ್ಳಿಗಳೆಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟರೆಂಬುದೇ ಅದರ ವಿಷಯ. ಎಂದರೆ ಕನ್ನಡದ ಅತಿ ಪ್ರಾಚೀನ ಬರಹಗಳಲ್ಲೊಂದಾದ ಅದೂ ಎರಡು ಹಳ್ಳಿಗಳಿಗೆ ಸಂಬಂಧಪಟ್ಟ ಸುದ್ದಿಯೇ.

ಮನುಷ್ಯರ ಸುದ್ದಿಯೊಡನೆ ಮೃಗಗಳ ಸುದ್ದಿಯನ್ನೂ ಈ ಕಲ್ಲುಗಳು ಸಮಾನ ಗೌರವದಿಂದ ದಾಖಲಿಸಿವೆಯೆಂಬುದಕ್ಕೆ ಆತಕೂರಿನ ಶಾಸನಕ್ಕಿಂತ ಹಿರಿದಾದ ಸಾಕ್ಷ್ಯವು ಬೇಕಿಲ್ಲ. ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿಯ ಚಲ್ಲೇಶ್ವರನ ಗುಡಿಯ ಮುಂದೆ ನಿಲ್ಲಿಸಿದ್ದ ಈ ಕಲ್ಲಿನ ಮೇಲುಭಾಗದಲ್ಲಿ ಒಂದು ನಾಯಿಯೂ ಒಂದು ಹಂದಿಯೂ ಒಂದನ್ನೊಂದು ಎದುರಿಸಿ ಕಾದುತ್ತಿರುವಂತೆ ಕೆತ್ತಿದೆ. ಸುತ್ತಲೂ ತುಂಬಿರುವ ಬರಹದ ಕಾಲವು ಶಕವರ್ಷ ೮೭೨ನೆಯ ಸೌಮ್ಯ ಸಂವತ್ಸರ, ಕ್ರಿ. ಶ. ೯೪೯-೫೦.

ಸಂಗತಿಯು ಹೀಗಿದೆ. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ಚೋಳರ ಮೇಲೆ ದಂಡೆತ್ತಿ ಹೋದನು. ಈಗಿನ ತಮಿಳುನಾಡಿನ ರಾಣಿಪೇಟೆ ಜಿಲ್ಲೆಗೆ ಸೇರಿದ ತಕ್ಕೋಲದಲ್ಲಿ ಘೋರವಾದ ಯುದ್ಧವು ನಡೆದು, ಚೋಳ ಪರಾಂತಕನ ಮಗನಾದ ರಾಜಾದಿತ್ಯನು ಗಂಗರ ಇಮ್ಮಡಿ ಬೂತುಗನ ಕೈಯಿಂದ ಹತನಾದನು. ಮೆಚ್ಚಿದ ಕೃಷ್ಣನು ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಎಂಬ ಸೀಮೆಗಳನ್ನು ಕೊಟ್ಟನು. ಆ ಕಾಳಗದಲ್ಲಿ ಬೂತುಗನ ಮುಂದೆ ನಿಂತು ಕಾದಿದವನು ಸಗರವಂಶದ ಮಣಲೆರನೆಂಬ ಸಾಮಂತ. ಬೂತುಗನು ಅವನ ಕಲಿತನಕ್ಕೆ ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು. ಚಕ್ರವರ್ತಿಯು ನಾಡುಗಳನ್ನು ಹಂಚುತ್ತಿದ್ದ ಆ ಸಮಯದಲ್ಲಿ ಮಣಲೆರನು ಬೇಡಿದುದು ಅರಸನ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಅದನ್ನೇ ದಯಪಾಲಿಸಬೇಕೆಂದು ಕೇಳಿ ಪಡೆದುಕೊಂಡನು. ಮುಂದೆ ಕೆಳಲೆನಾಡಿನ ಬೆಳ್ತೂರಿನ ಪಡುವಣ ಬೆಟ್ಟದಲ್ಲಿ ಒಂದು ಹಿರಿಯ ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ, ನಾಯಿಯೂ ಹಂದಿಯೂ ಒಂದನ್ನೊಂದು ಬಿಡದೆ ಕಾದಿ ಅಲ್ಲಿಯೇ ಎರಡೂ ಸತ್ತುವು.

ಅದಕ್ಕಾಗಿ ಆತಕೂರಿನಲ್ಲಿ ಚಲ್ಲೇಶ್ವರನ ಮುಂದೆ ಕಲ್ಲನ್ನು ನಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗದ ಮಣ್ಣನ್ನು ಬಿಟ್ಟರು. ಒಕ್ಕಲಾಗಲಿ, ನಾಡನ್ನಾಳುವವನಾಗಲಿ, ಊರನ್ನಾಳುವವನಾಗಲಿ ಈ ಮಣ್ಣನ್ನು ಅಳಿದರೆ ಆ ನಾಯಿಯ ಪಾಪವು ಅವನಿಗೆ ತಗಲುವುದೆಂದು ಶಾಪವಿದೆ. ಆ ಸ್ಥಾನವನ್ನಾಳುವ ಗೊರವನು ಈ ಕಲ್ಲನ್ನು ಪೂಜಿಸದೆ ಊಟಮಾಡಿದರೂ ಅದೇ ಪಾಪ. ಗುಡಿಯ ಪೂಜಾರಿಯು ದೇವರ ಪೂಜೆಯಾದ ಮೇಲೆ ನಾಯಿಯ ಕಲ್ಲಿಗೂ ಪೂಜೆಯನ್ನು ಸಲ್ಲಿಸಿಯೇ ಅನ್ನವನ್ನು ಮುಟ್ಟತಕ್ಕದ್ದೆಂಬ ಈ ಕಟ್ಟಳೆಯನ್ನು ಸಾಮಂತನೊಬ್ಬನ ಮರುಳಿನ ಪ್ರೀತಿಯೆಂದು ತಳ್ಳಿಬಿಡುವುದು ಸುಲಭ. ಆದರೆ ಕೆರೆಯ ಕೆಳಗಣ ಗದ್ದೆಯನ್ನು ಕಾಡುಹಂದಿಯು ಒಂದು ರಾತ್ರಿಯಲ್ಲಿ ಉತ್ತು ಹಾಕುವುದನ್ನು ಕಂಡ ಬೇಸಾಯಗಾರರಿಗೆ ಆ ನಾಯಿಯು ಪೂಜ್ಯವಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಮಣ್ಣನ್ನು ಬಿಟ್ಟುದೂ ಗದ್ದೆಯ ಬಯಲಿನಲ್ಲಿಯೇ ಎಂಬುದನ್ನು ಗಮನಿಸಬೇಕು.

ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕಾದಿಯೂರನ್ನೂ ಬೂತುಗನು ಬಾಳ್ಗಳ್ಚಾಗಿ ಕೊಟ್ಟ ವಿಷಯವನ್ನೂ ಅದೇ ಕಲ್ಲು ತಿಳಿಸುತ್ತದೆ. ಈ ಶಾಸನವನ್ನು ಕುರಿತು ರೈಸ್, ಫ್ಲೀಟ್ ಮೊದಲಾದ ಪಂಡಿತರು ಬಹಳವಾಗಿ ಚರ್ಚಿಸಿದ್ದಾರೆ. ಬೂತುಗನು ರಾಜಾದಿತ್ಯನನ್ನು ನಂಬಿಸಿ ಇರಿದನೋ, ಆನೆಯ ಅಂಬಾರಿಯನ್ನೇ ರಣರಂಗವಾಗಿ ಮಾಡಿಕೊಂಡು ಎದುರಾಗಿ ಇರಿದನೋ ಎಂಬುದೇ ವಿವಾದದ ಮುಖ್ಯಾಂಶ. ‘ಬಿಸುಗೆ’ ಎಂಬ ಪದದ ಅರ್ಥವನ್ನೂ ಒಂದಕ್ಷರದ ಪಾಠವನ್ನೂ ಅವಲಂಬಿಸಿ ಒಬ್ಬ ಅರಸನ ಮಾನವು ಹೀಗೆ ತೂಗಾಡಿತು. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂದು ಚೋಳರ ತಾಮ್ರಶಾಸನವೂ ಹೇಳುವುದರಿಂದ ಅಂಬಾರಿಯ ಪಕ್ಷವೇ ಬಲವಾದುದೆಂದು ತೋರುತ್ತದೆ. ಅದು ಹೇಗಾದರೂ ಇರಲಿ. ದಕ್ಷಿಣ ದೇಶದ ರಾಜ್ಯಗಳ ಗತಿಯನ್ನು ತಿರುಗಿಸಿದ ತಕ್ಕೋಲದ ಯುದ್ಧದ ವಿವರವು ಕನ್ನಡದಲ್ಲಿ ಉಳಿದು ಬಂದುದು ಒಂದು ನಾಯಿಯ ಸ್ಮಾರಕದ ಪೀಠಿಕೆಯಾಗಿ. ಕಾಳಿಯು ಬೆಳ್ತೂರಿನ ಬೆಟ್ಟದಲ್ಲಿ ಸಾಯದೆ ಮುದಿಯಾಗಿ ಮನೆಯಲ್ಲಿಯೇ ಸತ್ತಿದ್ದರೆ ಆತಕೂರಿನಲ್ಲಿ ಈ ಕಲ್ಲು ಏಳುತ್ತಿರಲಿಲ್ಲ.

ನೆರೆಯ ತಮಿಳುನಾಡಿನಲ್ಲಿಯೂ ಇಂಥದೊಂದುಂಟು. ತಿರುವಣ್ಣಾಮಲೆ ಜಿಲ್ಲೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಎಂದರೆ ಏಳನೆಯ ಶತಮಾನದ ಮೊದಲ ಭಾಗದ, ವೀರಗಲ್ಲಿನಲ್ಲಿ ದನಗಳ ಸಲುವಾಗಿ ಸತ್ತ ಯಜಮಾನನ ಪಕ್ಕದಲ್ಲಿ ಅವನ ನಾಯಿಯೂ ನಿಂತಿದೆ. ಕೋವಿವನ್ ಎಂಬ ಆ ನಾಯಿಯು ಕಳ್ಳರಲ್ಲಿ ಇಬ್ಬರನ್ನು ಕಚ್ಚಿತೆಂದು ಅಲ್ಲಿಯ ಬರಹವು ಹೇಳುತ್ತದೆ. ಕಳ್ಳರ ಹೆಸರು ಬರಹದಲ್ಲಿಲ್ಲ, ನಾಯಿಯ ಹೆಸರು ಇದೆ.

ಊರ ಸುತ್ತಣ ಗಿಡಮರಗಳ ಸಮಾಚಾರವನ್ನು ತಿಳಿಯಬೇಕಾದರೆ ವೀರಗಲ್ಲುಗಳನ್ನು ಬಿಟ್ಟು ದಾನಶಾಸನಗಳನ್ನು ನೋಡಬೇಕು. ಗಂಗರ ತಾಮ್ರಶಾಸನಗಳನ್ನು ಓದಿದವರಿಗೆ ಒಂದು ವಿಶೇಷವು ಗೊತ್ತಿರುವುದೇ. ಅರಸನ ಬಿರುದುಬಾವಲಿಗಳೂ ವಂಶಾವಳಿಯೂ ದಾನಫಲವೂ ದೀರ್ಘಸಮಾಸಗಳ ಸಂಸ್ಕೃತದಲ್ಲಿ ಹರಿದು ಬರುತ್ತಿದ್ದು, ಕೊಟ್ಟ ಊರಿನ ಎಲ್ಲೆಯನ್ನು ಹೇಳುವ ಸ್ಥಳಕ್ಕೆ ಬಂದೊಡನೆ ಬರಹವು ಕನ್ನಡಕ್ಕೆ ತಿರುಗುತ್ತದೆ. ಮೂಡಲು ಇಂಥ ಹುಣಿಸೆ, ಅಲ್ಲಿಂದ ಹುತ್ತ, ಅಲ್ಲಿಂದ ಹಳ್ಳ ಕೂಡಿದ ಎಡೆ, ತೆಂಕಲು ಮೊರಡಿ, ಪಡುವಲು ಆಲ, ಬಡಗಲು ಕೆರೆಯ ಕೋಡಿ, ಹೀಗೆ. ಇದರ ಕಾರಣವು ಸ್ಪಷ್ಟವಾಗಿದೆ. ಪ್ರಶಸ್ತಿಯಲ್ಲಿ ತಪ್ಪಿದರೆ ಕವಿಗೆ ಮಾತ್ರ ಕುಂದು. ಎಲ್ಲೆಯಲ್ಲಿ ತಪ್ಪಿದರೆ ಒಕ್ಕಲಿಗರು ಬಡಿದಾಡುವರು. ಆದುದರಿಂದ ಊರವರು ಯಾವ ಮರವನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರೋ ಅದೇ ಹೆಸರಿನಿಂದ ಅದು ತಾಮ್ರದ ಮೇಲೆ ಬಿದ್ದಿದೆ. ಕಾವ್ಯಗಳ ವನವರ್ಣನೆಯಲ್ಲಿ ಚಂದನ, ಬಕುಳ, ಚಂಪಕಗಳು ಕವಿಸಮಯಕ್ಕೆ ತಕ್ಕಂತೆ ಎಲ್ಲ ಋತುಗಳಲ್ಲಿಯೂ ಹೂ ಬಿಡಬಹುದು. ಎಲ್ಲೆಯ ಮರಕ್ಕೆ ಅಂಥ ಸ್ವಾತಂತ್ರ್ಯವಿಲ್ಲ. ಅದು ಅಲ್ಲಿ ಇದ್ದೇ ಇತ್ತು. ಒಂದೊಂದು ಸೀಮೆಯಲ್ಲಿ ಸಾವಿರ ವರ್ಷಗಳ ಹಿಂದೆ ಯಾವ ಮರಗಳು ಬೆಳೆಯುತ್ತಿದ್ದುವೆಂಬುದನ್ನು ಅರಿಯುವುದಕ್ಕೆ ಈ ಎಲ್ಲೆಗಳಿಗಿಂತ ಪ್ರಾಮಾಣಿಕವಾದ ಸಾಧನವು ದುರ್ಲಭ. ಸಸ್ಯಶಾಸ್ತ್ರಜ್ಞರೂ ಶಾಸನಜ್ಞರೂ ಒಟ್ಟಿಗೆ ಕುಳಿತು ಇವನ್ನು ಪರಿಶೀಲಿಸಿದರೆ ಹೆಚ್ಚಿನ ಲಾಭವುಂಟು.

ಇನ್ನು ಶಾಪದ ಮಾತು. ದತ್ತಿಯನ್ನು ಅಳಿದವನಿಗೆ ವಾರಣಾಸಿಯನ್ನೂ ಕವಿಲೆಯನ್ನೂ ಪಾರ್ವರನ್ನೂ ಅಳಿದ ಪಾಪವು ಬರುವುದೆಂಬುದು ಎಲ್ಲರೂ ಬಲ್ಲ ಮಾತು. ಗಂಗರ ಕಾಲದ ಹಲವು ಶಾಸನಗಳಲ್ಲಿ ಇವುಗಳ ಪಕ್ಕದಲ್ಲಿಯೇ ಕೆರೆಯನ್ನೂ ಆರವೆಯನ್ನೂ ಅಳಿದ ಪಾಪವು ಸೇರಿದೆ. ಆರವೆಯೆಂದರೆ ತೋಪು, ಉಪವನ. ಕಾಶಿಯನ್ನು ಕಾಣದೆಯೇ ಸತ್ತ ಹಳ್ಳಿಯ ಒಕ್ಕಲಿಗನಿಗೆ ವಾರಣಾಸಿಯ ನಾಶವು ಕೇಳಿದ ಮಾತಷ್ಟೆ. ಕೆರೆಯು ಒಡೆದು, ತೋಪು ಕಡಿದುಹೋದರೆ ಆಗುವ ಹಾನಿಯು ಅವನ ಹೊಟ್ಟೆಗೇ ಗೊತ್ತು. ಶಾಪವನ್ನು ಬರೆದವರು ಇದನ್ನು ಬಲ್ಲವರಾಗಿದ್ದರು.

ಕೆರೆಕಟ್ಟೆಗಳ ವಾರ್ತೆಯಂತೂ ಶಾಸನಗಳಲ್ಲಿ ಹೇರಳವಾಗಿದೆ. ಕೆರೆಯ ರಕ್ಷಣೆಗೆಂದು ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗಿಗಳ ಲೆಕ್ಕವನ್ನು ಬರೆಯಹೊರಟರೆ ಬೇರೊಂದು ಗ್ರಂಥವೇ ಆಗುವುದು. ಹರಿಹರದ ಎರಡು ಕಲ್ಲುಗಳನ್ನು ಮಾತ್ರ ಇಲ್ಲಿ ಹೆಸರಿಸಬಹುದು. ವಿಜಯನಗರದ ಕಾಲದಲ್ಲಿ, ೧೪೧೦ರಲ್ಲಿ, ಹರಿದ್ರಾ ನದಿಗೆ ಕಟ್ಟೆಯನ್ನು ಕಟ್ಟಿ ಹರಿಹರದ ಕಡೆಗೆ ಕಾಲುವೆಯನ್ನು ತಂದುದನ್ನೂ, ಹೊಸದಾಗಿ ನೀರುಂಡ ಭೂಮಿಯಲ್ಲಿ ದೇವರಿಗೂ ಬ್ರಾಹ್ಮಣರಿಗೂ ಸಲ್ಲಬೇಕಾದ ಪಾಲನ್ನೂ ಮೊದಲನೆಯದು ವಿವರವಾಗಿ ಹೇಳುತ್ತದೆ. ೧೪೨೪ರ ಎರಡನೆಯದು ಆ ಕಟ್ಟೆಯು ಒಡೆದುಹೋದುದನ್ನೂ, ಚಾಮನೃಪನೆಂಬ ದಂಡನಾಯಕನ ಧನಸಹಾಯದಿಂದ ಅದನ್ನು ಮತ್ತೆ ಕಟ್ಟಿದುದನ್ನೂ ಹೇಳುತ್ತದೆ. ಹದಿನಾಲ್ಕು ವರ್ಷಗಳ ಅಂತರದಲ್ಲಿ ಒಂದೇ ಕಟ್ಟೆಯ ಹುಟ್ಟನ್ನೂ ಕೇಡನ್ನೂ ಮರುಹುಟ್ಟನ್ನೂ ಹೀಗೆ ಒಂದೇ ಊರಿನಲ್ಲಿ ಓದಬಹುದಾಗಿದೆ. ಕಟ್ಟಿದುದನ್ನು ಮಾತ್ರ ಬರೆಯಿಸಿ, ಒಡೆದುದನ್ನು ಮುಚ್ಚಿಡುವ ಬುದ್ಧಿಯು ಅವರಿಗೆ ಇರಲಿಲ್ಲವೆಂಬುದು ಮೆಚ್ಚತಕ್ಕದ್ದು.

ಆಕಾಶದ ವರ್ತಮಾನವೂ ಉಂಟು. ಗ್ರಹಣಕಾಲದಲ್ಲಿ ಕೊಟ್ಟ ದಾನಕ್ಕೆ ಪುಣ್ಯವು ಹೆಚ್ಚೆಂಬ ನಂಬಿಕೆಯಿಂದ ಅಸಂಖ್ಯಾತ ಶಾಸನಗಳಲ್ಲಿ ಸೂರ್ಯಗ್ರಹಣ ಚಂದ್ರಗ್ರಹಣಗಳು ತಿಥಿವಾರಗಳೊಡನೆ ಬಂದಿವೆ. ಬಾದಾಮಿ ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ಕಾಲದ ಪಟ್ಟದಕಲ್ಲಿನ ಕಂಬದ ಶಾಸನದ ಗ್ರಹಣವು ಕ್ರಿ. ಶ. ೭೫೪ನೆಯ ಜೂನ್ ೨೫ರದೆಂದು ಗಣಿತದಿಂದ ನಿರ್ಣಯವಾಗಿದೆ. ಈಚೆಗೆ ಬಿ. ಎಸ್. ಶೈಲಜಾ, ಗೀತಾ ಕೈದಾಳ ಅವರು ಇಂಥ ಉಲ್ಲೇಖಗಳನ್ನು ಖಗೋಳಶಾಸ್ತ್ರದ ದೃಷ್ಟಿಯಿಂದ ಒಟ್ಟುಗೂಡಿಸಿ ಪರಿಶೀಲಿಸಿದ್ದಾರೆ. ಪುಣ್ಯಕ್ಕೆಂದು ಬರೆಯಿಸಿದುದು ಹೀಗೆ ಶಾಸ್ತ್ರಕ್ಕೂ ಒದಗಿತು.

ಈ ಕಲ್ಲುಗಳಲ್ಲಿ ಸಂತೋಷದ ಸುದ್ದಿಗಿಂತ ಶೋಕದ ಸುದ್ದಿಯೇ ಹೆಚ್ಚು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಶಾಸನವನ್ನು ಓದಿದವರು ಅದನ್ನು ಬೇಗನೆ ಮರೆಯಲಾರರು. ಅದರ ಕಾಲವು ಶಕವರ್ಷ ೯೭೯, ಕ್ರಿ. ಶ. ೧೦೫೭. ನುಗುನಾಡಿನ ರವಿಗನ ಮಗಳು ದೇಕಬ್ಬೆ. ಅವಳ ಗಂಡನಾದ ಏಚನು ಮಲ್ಲಯುದ್ಧದಲ್ಲಿ ಅರಸನ ದಾಯಾದಿಯೊಬ್ಬನನ್ನು ಕೊಂದನು. ಅದಕ್ಕಾಗಿ ಅವನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ಸುದ್ದಿಯು ಊರಿಗೆ ಬಂದೊಡನೆ ದೇಕಬ್ಬೆಯು ಬೆಂಕಿಯನ್ನು ಹೊಗುವೆನೆಂದು ಹೊರಟಳು. ತಂದೆತಾಯಿಗಳೂ ಬಂಧುಗಳೂ ಬೇಡವೆಂದು ಹಲುಬಿದರು, ಕಾಲಿಗೆ ಬಿದ್ದರು, ತಡೆದರು; ಅವಳು ಕೇಳಲಿಲ್ಲ. ಮಲ್ಲನೆಂಬ ಕವಿಯು ಇದನ್ನು ಪದ್ಯಗಳಲ್ಲಿ ಹೇಳಿ ಅವಳನ್ನು ಹೊಗಳಿದ್ದಾನೆ. ಸಹಗಮನವನ್ನು ಕೊಂಡಾಡುವುದು ಆ ಕಾಲದ ರೂಢಿ. ಕವಿಯು ಅದನ್ನು ಮೀರಿದವನಲ್ಲ. ಆದರೆ ಹೆತ್ತವರ ಮೊರೆಯನ್ನು ಅವನು ಬಿಟ್ಟುಬಿಡಲಿಲ್ಲ. ಅದನ್ನು ಬಿಟ್ಟಿದ್ದರೂ ಹೊಗಳಿಕೆಗೆ ಕೊರತೆಯಾಗುತ್ತಿರಲಿಲ್ಲ. ಮಾಸ್ತಿಗಲ್ಲುಗಳೆಲ್ಲ ಮೇಲಕ್ಕೆತ್ತಿದ ಒಂದು ಕೈಯನ್ನೂ ಅದರ ಬಳೆಗಳನ್ನೂ ತೋರಿಸಿ ಸುಮ್ಮನಾಗುವಾಗ, ಈ ಒಂದು ಕಲ್ಲು ಆ ಮನೆಯ ಹೊಸ್ತಿಲಿನ ಒಳಗಣ ಅಳುವನ್ನೂ ಕೇಳಿಸುತ್ತದೆ.

ಇಷ್ಟೆಲ್ಲ ಹೇಳಿದರೂ ಈ ವರ್ತಮಾನವು ಪೂರ್ಣವಾದುದೆಂದು ಭ್ರಮಿಸಬಾರದು. ಕಲ್ಲನ್ನು ಕಡಿಸಿ ಕೆತ್ತಿಸಲು ಹಣ ಬೇಕು. ಮಣ್ಣು ಬಿಡುವ ಒಡೆಯ ಬೇಕು. ತುರುಗೋಳಿನಲ್ಲಿ ಸತ್ತವನಿಗೆ ಕಲ್ಲುಂಟು, ಜ್ವರದಿಂದ ಸತ್ತವನಿಗಿಲ್ಲ. ಬರಗಾಲದಲ್ಲಿ ಊರು ಬಿಟ್ಟು ಹೋದವರಿಗೆ ಕಲ್ಲು ನೆಡುವವರು ಯಾರು? ಹುಲಿಯ ಬಾಯಿಗೆ ಬಿದ್ದ ದನಗಾಹಿ ಹುಡುಗರಲ್ಲಿ ನೂರಕ್ಕೊಬ್ಬನ ಹೆಸರಾದರೂ ಉಳಿದಿದೆಯೆಂದು ಹೇಳುವಂತಿಲ್ಲ. ಗದ್ದೆಯಲ್ಲಿ ನಾಟಿ ಮಾಡಿದ ಹೆಂಗಸರ, ಕೆರೆಯ ಏರಿಗೆ ಮಣ್ಣು ಹೊತ್ತ ಒಡ್ಡರ ಸುದ್ದಿಯೂ ಅಷ್ಟೆ. ಶಾಸನಗಳ ಮೌನಕ್ಕೂ ಅರ್ಥವುಂಟೆಂಬುದನ್ನು ಚರಿತ್ರಕಾರರು ಇನ್ನೂ ಹೆಚ್ಚಾಗಿ ಗಮನಿಸಬೇಕಾಗಿದೆ.

ಇದ್ದುದನ್ನಾದರೂ ಉಳಿಸಿಕೊಟ್ಟವರಲ್ಲಿ ಬಿ. ಎಲ್. ರೈಸ್ ಅವರ ಹೆಸರನ್ನು ಮೊದಲು ಹೇಳಬೇಕು. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ ಕನ್ನಡವನ್ನು ಚೆನ್ನಾಗಿ ಬಲ್ಲವರಾಗಿದ್ದ ಅವರು ೧೮೮೬ರಲ್ಲಿ ಕೊಡಗಿನ ಶಾಸನಗಳಿಂದ ಮೊದಲುಮಾಡಿ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ಒಂದೊಂದಾಗಿ ಹೊರಡಿಸಿದರು. ತಾಲ್ಲೂಕು ತಾಲ್ಲೂಕಾಗಿ, ಹಳ್ಳಿ ಹಳ್ಳಿಯಾಗಿ ಸುಮಾರು ಒಂಬತ್ತು ಸಾವಿರ ಶಾಸನಗಳು ಅವುಗಳಲ್ಲಿ ಸೇರಿದುವು. ಅವರ ತರುವಾಯ ಆರ್. ನರಸಿಂಹಾಚಾರ್ಯರೂ, ಆರ್. ಶಾಮಶಾಸ್ತ್ರಿಗಳೂ, ಎಂ. ಎಚ್. ಕೃಷ್ಣ ಅವರೂ ಮೈಸೂರು ಪ್ರಾಚ್ಯವಸ್ತು ಇಲಾಖೆಯಲ್ಲಿ ಈ ಕೆಲಸವನ್ನು ಮುಂದುವರಿಸಿದರು. ಕಾಗದದ ಮೇಲೆ ಹೀಗೆ ಪಡಿಯಚ್ಚು ಸಿಕ್ಕಿದುದು ಎಷ್ಟೋ ಕಲ್ಲುಗಳ ಪುಣ್ಯ. ಏಕೆಂದರೆ ಬೆಂಗಳೂರು ಜಿಲ್ಲೆಯ ಸಂಪುಟವು ೧೯೦೫ರಲ್ಲಿ ಹೊರಬಂದಾಗ ಹೊಲಗದ್ದೆಗಳಲ್ಲಿಯೂ ಕೆರೆಯಂಗಳದಲ್ಲಿಯೂ ಇದ್ದ ಕಲ್ಲುಗಳಲ್ಲಿ ಹಲವು ಈಗ ಆ ಸ್ಥಳಗಳಲ್ಲಿಲ್ಲ. ಆ ಕೆರೆಗಳಲ್ಲಿಯೂ ಕೆಲವು ಇಲ್ಲ.

ಕಲ್ಲುಗಳು ಹಾಳಾಗುವ ಬಗೆಗಳು ಹಲವು. ಚಪ್ಪಟೆಯಾಗಿ ನೀಳವಾಗಿ ಇರುವುದೇ ಅವಕ್ಕೆ ಮುಳುವಾಯಿತು. ಮೋರಿಯ ಮೇಲಿನ ಚಪ್ಪಡಿಯಾಗಿ, ಬಟ್ಟೆ ಒಗೆಯುವ ಕಲ್ಲಾಗಿ, ತೂಬಿನ ಕಂಬವಾಗಿ, ಮನೆಯ ಮೆಟ್ಟಿಲಾಗಿ ಅವು ಹೋದುವು. ರಸ್ತೆಯನ್ನು ಅಗಲಮಾಡುವಾಗ ಒಡೆದು ಜಲ್ಲಿಯಾದುವೂ ಉಂಟು. ಎಲ್ಲಕ್ಕಿಂತ ಕೆಟ್ಟುದು ನಿಧಿಯ ಭ್ರಾಂತಿ. ಯಾರಿಗೂ ಓದಲು ಬಾರದ ಲಿಪಿಯಲ್ಲಿ ಬರೆದಿರುವುದು ಹೂತಿಟ್ಟ ಹೊನ್ನಿನ ಗುಟ್ಟೇ ಆಗಿರಬೇಕೆಂದು ನಂಬಿ, ರಾತ್ರಿಯಲ್ಲಿ ಅಗೆದು ಕಲ್ಲನ್ನು ಉರುಳಿಸಿದವರು ಎಲ್ಲ ಸೀಮೆಗಳಲ್ಲಿಯೂ ಇದ್ದಾರೆ. ನಿಜವಾಗಿ ಬರೆದಿದ್ದುದು ಎರಡು ಖಂಡುಗ ಗದ್ದೆಯ ವಿಷಯ, ಅಥವಾ ದನದ ಹಿಂದೆ ಓಡಿ ಸತ್ತ ಹುಡುಗನ ಹೆಸರು. ಪೂಜೆಯಿಂದ ಉಳಿದುಕೊಂಡ ಕಲ್ಲುಗಳೂ ಕಡಿಮೆಯಿಲ್ಲ. ಆದರೆ ಅರಿಸಿನ, ಎಣ್ಣೆ, ಸುಣ್ಣಗಳು ವರ್ಷವರ್ಷವೂ ಮೆತ್ತಿಕೊಂಡು ಅಕ್ಷರಗಳು ಮುಚ್ಚಿಹೋಗಿವೆ. ಮತ್ತೆ ಕೆಲವೆಡೆಗಳಲ್ಲಿ ಬಣ್ಣವನ್ನು ಬಳಿದಿದ್ದಾರೆ.

ಇಂಥ ಕೇಡಿನ ನಡುವೆ ಸಮಾಧಾನದ ಸಂಗತಿಗಳೂ ಇಲ್ಲದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಈಚಿನ ವರ್ಷಗಳಲ್ಲಿ ಚರಂಡಿಯ ಕೆಲಸದ ವೇಳೆ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗ ಶ್ರೀಪುರುಷನ ಕಾಲದ, ಎಂದರೆ ಕ್ರಿ. ಶ. ೭೫೦ರ ಸುಮಾರಿನ, ಆ ಕಲ್ಲು ಕಿತ್ತಯ್ಯನೆಂಬವನು ರಟ್ಟವಾಡಿಯವರು ದಾಳಿಯಿಟ್ಟಾಗ ಕಾದಿ ಸತ್ತುದನ್ನು ತಿಳಿಸುತ್ತದೆ. ಬೆಂಗಳೂರೆಂಬ ಹೆಸರಿಗೆ ಅತಿ ಹಳೆಯ ಆಧಾರವೆನಿಸಿದ ಬೇಗೂರಿನ ಕಲ್ಲಿಗಿಂತ ಇದು ಒಂದೂವರೆ ಶತಮಾನದಷ್ಟು ಹಿಂದಿನದು. ಬೇಗೂರಿನದಾದರೂ ಊರ ಸುದ್ದಿಯೇ: ಕ್ರಿ. ಶ. ೮೯೦ರ ಈಚೆಗೆ ನಡೆದ ಬೆಂಗಳೂರ ಕಾಳಗದಲ್ಲಿ ನಾಗತ್ತರನ ಮಗನಾದ ಬುಟ್ಟಣಸೆಟ್ಟಿಯು ಸತ್ತನೆಂಬ ವಾರ್ತೆ. ಮಹಾನಗರದ ಹೆಸರು ಮೊದಲ ಬಾರಿಗೆ ಬರಹಕ್ಕೆ ಬಂದುದು ಅರಸನ ರಾಜಧಾನಿಯಾಗಿಯೂ ಅಲ್ಲ, ಪುಣ್ಯಕ್ಷ್ರೇತ್ರವಾಗಿಯೂ ಅಲ್ಲ, ಒಬ್ಬನು ಸತ್ತ ಸ್ಥಳವಾಗಿ.

೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಿಂದ ಆ ಸೀಮೆಯ ಶಾಸನಗಳನ್ನು ಹುಡುಕಿ, ಕಲ್ಲಿನ ಮೈಯ ತಗ್ಗುದಿಣ್ಣೆಗಳನ್ನೆಲ್ಲ ಬೆಳಕಿನ ಯಂತ್ರದಿಂದ ಅಳೆದು ಮೂರು ಆಯಾಮಗಳ ಪ್ರತಿಕೃತಿಗಳನ್ನು ಸಿದ್ಧಪಡಿಸುವ ಕಾರ್ಯವನ್ನು ಕೈಗೊಂಡಿತು. ಬರಿಗಣ್ಣಿಗೆ ಸವೆದುಹೋದಂತೆ ತೋರುವ ಅಕ್ಷರಗಳು ಇದರಿಂದ ಮತ್ತೆ ಓದಬರುವಂತಾಗಿವೆ. ರೈಸ್ ಅವರ ಕಾಲದ ಪಾಠಗಳಲ್ಲಿ ಬಿಟ್ಟುಹೋಗಿದ್ದ ಹೆಸರುಗಳು ಕೆಲವೆಡೆ ತುಂಬಿಕೊಂಡಿವೆ. ಹಾಗಿದ್ದರೂ ಇಂಥ ಕೆಲಸವು ರಾಜಧಾನಿಯ ಸುತ್ತಮುತ್ತ ನಡೆದಷ್ಟು ಜಿಲ್ಲೆಗಳಲ್ಲಿ ನಡೆದಿಲ್ಲ. ಜಿಲ್ಲೆಯ ಸಂಘಗಳೂ ಶಾಲೆಯ ಉಪಾಧ್ಯಾಯರೂ ತಮ್ಮ ತಮ್ಮ ಊರಿನ ಕಲ್ಲುಗಳು ಈಗ ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಹಳೆಯ ಸಂಪುಟಗಳೊಡನೆ ತಾಳೆನೋಡಿ ಬರೆದಿಡುವುದಕ್ಕೆ ಯಂತ್ರವೇನೂ ಬೇಕಾಗಿಲ್ಲ. ಹಳೆಯ ಸಂಪುಟದಲ್ಲಿ ಪ್ರತಿಯೊಂದು ಶಾಸನದ ತಲೆಯ ಮೇಲೆ ಅದು ನಿಂತಿದ್ದ ಎಡೆಯನ್ನು ಬರೆದಿದೆ: ಇಂಥವರ ಹೊಲದಲ್ಲಿ, ಇಂಥ ಗುಡಿಯ ಬಲಕ್ಕೆ, ಇಂಥ ಕೆರೆಯ ತೂಬಿನ ಬಳಿ.

ಆತಕೂರಿನ ಕಲ್ಲನ್ನು ಬಹುಕಾಲದ ಹಿಂದೆಯೇ ಅದರ ಸ್ಥಳದಿಂದ ತೆಗೆದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಮಳೆಗಾಳಿಗಳಿಂದ ಅದಕ್ಕೆ ರಕ್ಷಣೆಯು ದೊರೆಯಿತು. ನೋಡಬಂದವರು ನಾಯಿಯನ್ನೂ ಹಂದಿಯನ್ನೂ ಹತ್ತಿರದಿಂದಲೇ ಕಾಣಬಹುದು. ಚಲ್ಲೇಶ್ವರನ ಮುಂದೆ ಅದು ಇಲ್ಲದಿರುವುದರಿಂದ, ಗೊರವನಿಗೆ ವಿಧಿಸಿದ್ದ ಪೂಜೆಯ ಕಟ್ಟಳೆಯು ಮಾತ್ರ ನಿಂತುಹೋಯಿತು.